ನೆಲದೊಳಗಿನ ಎರಡನೆಯ ತಂತಿ

ನಮ್ಮ ಪಕ್ಕದ ಮನೆಯ ಹುಡುಗಿಗೆ ಈ ವರ್ಷ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ಆರ್ಡರ್ ಕೈಗೆ ಬಂದ ದಿನವೇ ಓಡಿ ಬಂದು, "ಅಕ್ಕೋರೆ, ಕರೆಂಟಿನ ಪಾಠ ಹ್ಯಾಂಗೆ ಶುರು ಮಾಡೂದು?" ಎಂದು ಕೇಳಿದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ನಿವೃತ್ತಿಯಾದರೂ ಆ ಹೆಸರು ಬಿಟ್ಟುಹೋಗುವುದಿಲ್ಲ.

"ಒಂದು ಸೆಲ್ಲು, ಒಂದು ಟಾರ್ಚ್ ಬಲ್ಬು, ಒಂದೇ ಒಂದು ತಂತಿ ಮಕ್ಕಳ ಕೈಗೆ ಕೊಡು. ಬಲ್ಬು ಹತ್ತಿಸಿ ಅಂತ ಹೇಳು. ಆಮೇಲೆ ಬಾಯಿ ಮುಚ್ಕಂಡು ಕೂತ್ಕೋ" ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯಲು ನನಗೆ ಮೂರು ತಾಲೂಕು ಬೇಕಾಯಿತು. ಬಡ್ತಿ, ವರ್ಗಾವಣೆ, ಸನ್ಮಾನಗಳ ಸಂಗತಿ ಅವಳಿಗೆ ಬೇಡ. ಮಕ್ಕಳು ಏನು ಕೇಳಿದರು, ಆಗ ನನಗೆ ಏನಾಯಿತು ಎನ್ನುವುದನ್ನಷ್ಟೇ ಬರೆದುಕೊಡುತ್ತೇನೆ.

ನನ್ನ ಮೊದಲ ಶಾಲೆ ಭಟ್ಕಳದ್ದು. ಒಂದೇ ಬೆಂಚಿನಲ್ಲಿ ಕೊಂಕಣಿ ಮನೆಯ ಹುಡುಗಿ, ನವಾಯತಿ ಮಾತಾಡುವ ಮನೆಯ ಹುಡುಗಿ, ಕನ್ನಡದ ಮನೆಯ ಹುಡುಗಿ ಒತ್ತಿಕೊಂಡು ಕೂರುತ್ತಿದ್ದರು. ಪುಸ್ತಕದ ಕನ್ನಡ ಅವರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಮೊದಲ ದಿನ ನಾನು ಬೋರ್ಡಿನ ಮೇಲೆ ದೊಡ್ಡದಾಗಿ 'ವಿದ್ಯುತ್ ಪ್ರವಾಹ' ಎಂದು ಬರೆದು, ಪ್ರವಾಹ ಎಂದರೇನು ಎಂದು ಕೇಳಿದೆ.

"ಮಳೆಗಾಲದಲ್ಲಿ ನೀರು ಬರೂದು" ಎಂದರು.

"ಸರಿ. ಹಾಗಾದರೆ ವಿದ್ಯುತ್ ಪ್ರವಾಹ ಎಂದರೆ?"

ಮುಂದಿನ ಬೆಂಚಿನ ಸಫಿಯಾ ಎದ್ದು ನಿಂತಳು. "ಟೀಚರ್, ಪ್ರವಾಹ ಬಂದ್ರೆ ಕರೆಂಟು ಹೋಗ್ತದಲ್ಲ?"

ಇಡೀ ತರಗತಿ ನಕ್ಕಿತು. ಸಫಿಯಾ ನಗಲಿಲ್ಲ. ಅವಳಿಗೆ ನಿಜಕ್ಕೂ ಗೊಂದಲವಾಗಿತ್ತು. ಅಂದಿನಿಂದ ನಾನು ಪಾಠದಲ್ಲಿ 'ಕರೆಂಟು' ಎಂದೇ ಹೇಳತೊಡಗಿದೆ. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕದ ಶಬ್ದ ಕಲಿಸಿದರಾಯಿತು.

ಸಫಿಯಾ ನನ್ನನ್ನು ಸುಲಭಕ್ಕೆ ಬಿಡುವವಳಾಗಿರಲಿಲ್ಲ. ಒಂದು ಬಲ್ಬು ಹತ್ತಿಸಿ ತೋರಿಸಿ, ಕರೆಂಟು ಸೆಲ್ಲಿನಿಂದ ಹೊರಟು ಬಲ್ಬಿನ ಮೂಲಕ ಹಾದು ಮತ್ತೆ ಸೆಲ್ಲಿಗೆ ಬರುತ್ತದೆ ಎಂದೆ. ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ವಾಪಸು ಬರುವ ತಂತಿ ಖಾಲಿ ಎಂದು ಅವಳು ವಾದ ಮಾಡಿದಳು. ಹಾಗಾದರೆ ನೋಡೋಣ ಎಂದು ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಕಟ್ಟಿದೆವು. ಸ್ವಿಚ್ಚು ಒತ್ತುವ ಮೊದಲು ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದೆ. ಮೊದಲನೆಯದೇ ಎಂದು ಮುಕ್ಕಾಲು ತರಗತಿ ಕೈ ಎತ್ತಿತು. ಮೊದಲನೆಯದು ಹೊಟ್ಟೆ ತುಂಬ ತಿಂದು, ಮಿಕ್ಕಿದ್ದು ಎರಡನೆಯದಕ್ಕೆ. ಸ್ವಿಚ್ಚು ಒತ್ತಿದೆ. ಎರಡೂ ಒಂದೇ ಸಮ ಮಂದವಾಗಿ ಬೆಳಗಿದವು.

ಕೆಲವರು ಬಲ್ಬುಗಳನ್ನು ಅದಲು ಬದಲು ಮಾಡಿ ನೋಡಿದರು. ಆಗಲೂ ಅಷ್ಟೇ. ಸಫಿಯಾ ತುಂಬ ಹೊತ್ತು ಬಲ್ಬುಗಳನ್ನೇ ನೋಡುತ್ತಿದ್ದವಳು, "ಟೀಚರ್, ಕರೆಂಟು ಅಷ್ಟೂ ವಾಪಸು ಹೋಗ್ತದಾದ್ರೆ ನಾವು ಬಿಲ್ಲು ಕಟ್ಟೂದು ಎಂತಕ್ಕೆ?" ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. 'ಶಕ್ತಿ ಬೇರೆ, ಕರೆಂಟು ಬೇರೆ' ಎಂಬ ವಾಕ್ಯ ಬಾಯಿಗೆ ಬಂದಿತ್ತು. ಆದರೆ ಆ ವಾಕ್ಯ ಅವಳ ಕೈಗೆ ಸಿಗುವಂಥದ್ದಲ್ಲ ಎನಿಸಿ ನುಂಗಿಕೊಂಡೆ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಮರುದಿನ ಬಂದರಿನ ಕಡೆಯಿಂದ ಒಂದು ಸಪೂರ ಬಲೆಹಗ್ಗ ತಂದು, ಎರಡು ತುದಿ ಸೇರಿಸಿ ಗಂಟು ಹಾಕಿದೆ. ಮಕ್ಕಳನ್ನು ಸುತ್ತ ನಿಲ್ಲಿಸಿ, ಹಗ್ಗ ಎಲ್ಲರ ಮುಷ್ಟಿಯೊಳಗೆ ಸಡಿಲವಾಗಿ ಜಾರುವಂತೆ ಮಾಡಿದೆ. ಒಬ್ಬಳು ಎಳೆಯುತ್ತ ಹೋದಳು. ಹಗ್ಗ ಸುತ್ತತೊಡಗಿತು. ಎದುರಿಗಿದ್ದ ಸಫಿಯಾಗೆ, ನೀನು ಮುಷ್ಟಿ ಬಿಗಿ ಮಾಡು ಎಂದೆ. ಬಿಗಿ ಮಾಡಿದಳು. ಎಳೆಯುವವಳು ಏದುಸಿರು ಬಿಟ್ಟಳು. ಸಫಿಯಾ "ಹಾಯ್!" ಎಂದು ಕೈ ಕೊಡವಿ ಅಂಗೈ ನೋಡಿಕೊಂಡಳು.

"ಬಿಸಿ ಆಯ್ತು ಟೀಚರ್!"

"ಹಗ್ಗ ಏನಾದರೂ ಕಡಿಮೆಯಾಯಿತಾ?"

"ಇಲ್ಲ. ಹಗ್ಗ ಪೂರಾ ವಾಪಸು ಹೋಯ್ತು." ಮತ್ತೆ ಅಂಗೈ ನೋಡಿಕೊಂಡು, "ಬಿಲ್ಲು ಕಟ್ಟೂದು ಹಗ್ಗ ಎಳೆಯೂದಕ್ಕೆ!" ಎಂದು ಕೂಗಿದಳು.

ಅದೇ ಹೊತ್ತಿಗೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬಾಗಿಲಲ್ಲಿ ನಿಂತಿದ್ದರು. "ಇದು ಆಟದ ಪಿರಿಯಡ್ಡಾ?" ಎಂದು ಕೇಳಿದರು. ವಿದ್ಯುತ್ ಪಾಠ ಎಂದೆ. ನಂಬದೆ, ಹುಡುಗಿಯೊಬ್ಬಳಿಗೆ ವ್ಯಾಖ್ಯೆ ಕೇಳಿದರು. ಅವಳು ಹಗ್ಗ ಬಿಡದೆಯೇ ಹೇಳಿದಳು. ಆಮೇಲೆ ಅವರು ತಾವೂ ಮುಷ್ಟಿ ಬಿಗಿ ಮಾಡಿ ನೋಡಿ, ಅಂಗೈ ಉಜ್ಜಿಕೊಳ್ಳುತ್ತ ಹೋದರು. ವರದಿಯಲ್ಲಿ 'ತರಗತಿಯಲ್ಲಿ ಗದ್ದಲ' ಎಂದು ಬರೆದಿದ್ದರು. ಅದೂ ಸುಳ್ಳಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಅದು ನಡೆದದ್ದು ಹೊನ್ನಾವರ ತಾಲೂಕಿನಲ್ಲಿ. ಹಳದೀಪುರದಲ್ಲಿ ಹೆದ್ದಾರಿಯ ಬಸ್ಸಿಳಿದು, ಗುಡ್ಡದ ಬದಿಗೆ ನಡೆದು ಹೋದರೆ ಸಿಗುವ ಶಾಲೆ. ಮಕ್ಕಳೆಲ್ಲ ಗದ್ದೆ, ತರಕಾರಿ ಬೆಳೆಯುವ ಮನೆಗಳಿಂದ ಬರುತ್ತಿದ್ದರು. ಅಷ್ಟೊತ್ತಿಗೆ ನನಗೆ ಅನುಭವವಾಗಿತ್ತು, ಸ್ವಲ್ಪ ಜಂಬವೂ ಬಂದಿತ್ತು. ವಿದ್ಯುತ್ ಮಂಡಲದ, ಎಂದರೆ ಸರ್ಕ್ಯೂಟಿನ, ಪಾಠ ಮಾಡುವಾಗ ಒಂದು ವಾಕ್ಯವನ್ನು ಮಕ್ಕಳಿಂದ ಒಟ್ಟಿಗೆ ಹೇಳಿಸುತ್ತಿದ್ದೆ: "ಒಂದೇ ತಂತಿಯಲ್ಲಿ ಕರೆಂಟು ಹರಿಯುವುದಿಲ್ಲ. ಹೋಗಲು ಒಂದು, ಬರಲು ಒಂದು." ಬಹಳ ಚೆನ್ನಾದ ವಾಕ್ಯ ಎಂದು ನನ್ನ ಎಣಿಕೆ.

ಒಂದು ಶನಿವಾರ ಬೆಳಗಿನ ತರಗತಿ. ಒಂಬತ್ತನೆಯ ತರಗತಿಯ ಮಾದೇವಿ ಕೈ ಎತ್ತಿದಳು. ಹೆಚ್ಚು ಮಾತಿನವಳಲ್ಲ. ಅಜ್ಜಿ ಹೇಳುವ ಹಾಡುಗಳನ್ನು ಮಾತ್ರ ಯಾರು ಕೇಳಿದರೂ ಹೇಳುತ್ತಿದ್ದಳು.

"ಅಕ್ಕೋರೆ, ಒಂದೇ ತಂತಿ ಮುಟ್ಟಿದ್ರೆ ಎಂತದೂ ಆಗೂದಿಲ್ವಾ?"

"ಹಕ್ಕಿ ತಂತಿ ಮೇಲೆ ಕೂರುವುದಿಲ್ಲವಾ? ಅದಕ್ಕೆ ಏನಾದರೂ ಆಗ್ತದಾ?"

"ಮತ್ತೆ ನಮ್ಮ ಕಾಳು ಸತ್ತೋಯ್ತಲ್ಲ. ಅದು ಮುಟ್ಟಿದ್ದು ಒಂದೇ ತಂತಿ."

ಕಾಳು ಅವಳ ಮನೆಯ ನಾಯಿ. ಯಾವ ತಂತಿ ಎಂದು ಕೇಳಿದೆ. "ಗೆಣಸಿನ ಗದ್ದೆಗೆ ಸುತ್ತ ಕಟ್ಟಿದ್ದು. ಹಂದಿ..." ಎಂದವಳು ಅಲ್ಲಿಗೇ ತಡೆದು ಬಾಯಿ ಮುಚ್ಚಿಕೊಂಡಳು. ಹಿಂದಿನ ಬೆಂಚಿನ ಇಬ್ಬರು ಹುಡುಗರು ತಲೆ ತಗ್ಗಿಸಿದ್ದು ಕಾಣಿಸಿತು. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ಆಡದ ಮಾತು ಅದು ಎಂದು ನನಗೆ ಆಗ ಅರ್ಥವಾಯಿತು. ಗುಡ್ಡದಿಂದ ಇಳಿದು ಬರುವ ಕಾಡುಹಂದಿಗಳನ್ನು ತಡೆಯಲು ಕೆಲವರು ಗದ್ದೆಯ ಸುತ್ತ ಬರಿಯ ತಂತಿ ಕಟ್ಟಿ, ರಾತ್ರಿ ಮನೆಯ ಲೈನಿನಿಂದ ಅದಕ್ಕೆ ಕರೆಂಟು ಕೊಡುತ್ತಿದ್ದರು.

ಎರಡನೆಯ ತಂತಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನೆಲವೇ ಎರಡನೆಯ ತಂತಿ. ಲೈನಿನ ಇನ್ನೊಂದು ಕೊನೆಯನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೆ ಸೇರಿಸಿರುತ್ತಾರೆ. ಒದ್ದೆ ನೆಲದ ಮೇಲೆ ನಿಂತು ತಂತಿ ಮುಟ್ಟಿದವರ ಮೈಯಿಂದ ಕರೆಂಟು ಇಳಿದು, ಮಣ್ಣಿನೊಳಗಿಂದ ಹಿಂದಕ್ಕೆ ಹೋಗುತ್ತದೆ. ಹಕ್ಕಿ ನೆಲ ಮುಟ್ಟಿರುವುದಿಲ್ಲ, ಅದಕ್ಕೇ ಬದುಕುತ್ತದೆ. ಇದನ್ನು ಬಿಟ್ಟು ನಾನು ಮಕ್ಕಳಿಗೆ ರಾಗವಾಗಿ ಕಲಿಸಿದ್ದು ಬೇರೆಯೇ ವಾಕ್ಯ.

ಶಾಲೆ ಬಿಟ್ಟ ಮೇಲೆ ಮುಖ್ಯಾಧ್ಯಾಪಕರಾದ ನಾಯ್ಕ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಂಪ್ಲೇಂಟು ಕೊಟ್ರೆ ಆ ಅಪ್ಪನ ಮೇಲೆ ಕೇಸಾಗ್ತದೆ. ಹುಡುಗಿ ನಾಳೆಯಿಂದ ಶಾಲೆಗೆ ಬರೂದಿಲ್ಲ. ಮುಂದೆ ಯಾವ ಮಗುವೂ ನಿಮ್ಮ ಹತ್ರ ಬಾಯಿ ಬಿಡೂದಿಲ್ಲ" ಎಂದರು. ಮತ್ತೆ ತಾವೇ, "ಕೊಡದೆ ಇದ್ದು ಯಾರಾದ್ರೂ ಸತ್ರೆ?" ಎಂದರು.

"ನಾನು ಈಗಲೇ ಅವರ ಮನೆಗೆ ಹೋಗ್ತೇನೆ ಸರ್."

"ಹೋಗಿ. ಆದ್ರೆ ಸೋಮವಾರ ಬೆಳಿಗ್ಗೆ ನಾನೇ ಬಂದು ನೋಡ್ತೇನೆ. ತಂತಿ ಅಲ್ಲೇ ಇದ್ರೆ ಕರೆಂಟ್ ಆಫೀಸಿಗೆ ಫೋನು ಮಾಡೂದೇ. ಇದ್ರಲ್ಲಿ ಬದಲಿಲ್ಲ."

ಪ್ರಯೋಗದ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು ಮಾದೇವಿಯ ಜೊತೆ ಹೊರಟೆ. ಮನೆ ಹತ್ತಿರ ಬಂದಾಗ, "ಅಪ್ಪ ಕೆಟ್ಟವ ಅಲ್ಲ ಅಕ್ಕೋರೆ" ಎಂದಳು.

ಅಪ್ಪನ ಹೆಸರು ತಿಮ್ಮಪ್ಪ. ನಿಜಕ್ಕೂ ಮೆದು ಮನುಷ್ಯ. ಮಣೆ ಕೊಟ್ಟು, ನೀರು ಬೆಲ್ಲ ಕೊಟ್ಟು, ನಾನು ಬಂದ ಕಾರಣ ಕೇಳಿ ಮಗಳ ಮುಖ ನೋಡಿದರು. ಗದರಲಿಲ್ಲ. ಅವರ ತಾಯಿ ಹೊನ್ನಜ್ಜಿ ಜಗಲಿಯ ಮೇಲೆ ಕೂತು ಬಸಳೆ ಸೋಸುತ್ತಿದ್ದರು.

"ಹಂದಿ ಹಿಂಡು ಒಂದ್ಸಲ ಬಂದ್ರೆ ಗೆಣಸೂ ಇಲ್ಲ, ಬಳ್ಳಿಯೂ ಇಲ್ಲ ಅಕ್ಕೋರೆ" ಎಂದರು ತಿಮ್ಮಪ್ಪ. "ಕತ್ಲಾದ್ಮೇಲೆ ಕೊಡೂದು, ಬೆಳಗಾಗೂಕೆ ಮುಂಚೆ ನಾನೇ ಹೋಗಿ ತೆಗ್ಯೂದು. ಬರೀ ಜುಮ್ ಅಂತದೆ, ಹಂದಿ ಓಡಿ ಹೋತದೆ. ಒಂದೇ ತಂತಿ ಅಲ್ದಾ?"

"ನಾಯಿ ಸತ್ತಿತಲ್ಲ?"

"ನಾಯಿ ಸಣ್ಣ ಜೀವ." ಆಮೇಲೆ, ನನಗೆ ಸಮಾಧಾನ ಹೇಳುವವರಂತೆ, "ನೀವೇ ಕಲ್ಸಿದ್ದಂತಲ್ಲ? ಮೊನ್ನೆ ಮಾದೇವಿ ಬಾಯಿಪಾಠ ಮಾಡ್ತಿತ್ತು. ಒಂದೇ ತಂತಿಯಲ್ಲಿ ಕರೆಂಟು ಹರಿಯೂದಿಲ್ಲ ಅಂತ" ಎಂದರು.

ನನ್ನ ವಾಕ್ಯ ನನಗೇ ಎದುರಾಗಿ ನಿಂತಿತು. ಅದು ಅರ್ಧ ಮಾತು, ನೆಲದಲ್ಲೂ ಕರೆಂಟು ಹೋಗುತ್ತದೆ ಎಂದೆ. ತೋರಿಸುತ್ತೇನೆ ಎಂದು ಅಂಗಳದಲ್ಲಿ ಕೂತು, ಒದ್ದೆ ಮಣ್ಣಿಗೆ ಎರಡು ಮೊಳೆ ಚುಚ್ಚಿ, ಒಂದಕ್ಕೆ ಸೆಲ್ಲಿನ ತಂತಿ, ಇನ್ನೊಂದಕ್ಕೆ ಟಾರ್ಚ್ ಬಲ್ಬಿನ ತಂತಿ ಕಟ್ಟಿದೆ. ನಡುವೆ ಬರಿಯ ಮಣ್ಣು.

ಬಲ್ಬು ಹತ್ತಲಿಲ್ಲ.

ಮೊಳೆಗಳನ್ನು ಹತ್ತಿರ ತಂದೆ. ನೀರು ಹೊಯ್ದೆ. ಇನ್ನೆರಡು ಸೆಲ್ಲು ಸೇರಿಸಿದೆ. ಏನೂ ಇಲ್ಲ. ತಿಮ್ಮಪ್ಪ ಕುಕ್ಕರುಗಾಲಿನಲ್ಲಿ ಕೂತು ಬಹಳ ಗಮನವಿಟ್ಟು ನೋಡುತ್ತಿದ್ದರು. ಕೊನೆಗೆ ಅವರ ಮುಖ ಹಗುರಾಯಿತು.

"ನೋಡಿ ಅಕ್ಕೋರೆ, ನೆಲದಲ್ಲಿ ಹೋಗೂದಿಲ್ಲ."

ಪಾಠ ಕೆಟ್ಟುಹೋದ ದಿನಗಳು ಎಲ್ಲ ಶಿಕ್ಷಕರಿಗೂ ಇರುತ್ತವೆ. ಪ್ರಯೋಗ ಕೈಕೊಟ್ಟರೆ ಮಕ್ಕಳು ನಗುತ್ತಾರೆ, ಅಷ್ಟೇ. ಆದರೆ ಆ ದಿನ ಕೆಟ್ಟ ಪ್ರಯೋಗ ಒಬ್ಬ ಮನುಷ್ಯನಿಗೆ ಧೈರ್ಯ ಕೊಟ್ಟಿತ್ತು. ನಾನು ಬರದೇ ಇದ್ದಿದ್ದರೆ ಅವರಿಗೆ ಒಳಗೊಳಗೆ ಸ್ವಲ್ಪವಾದರೂ ಅಳುಕು ಉಳಿದಿರುತ್ತಿತ್ತೋ ಏನೋ. ಈಗ ಅದೂ ಹೋಯಿತು. ಈ ರಾತ್ರಿ ಮಾತ್ರ ಕರೆಂಟು ಕೊಡಬೇಡಿ, ನಾಳೆ ಮತ್ತೆ ಬರುತ್ತೇನೆ ಎಂದು ಬೇಡಿಕೊಂಡೆ. ಅವರು ಗದ್ದೆಯ ಕಡೆ ನೋಡಿದರು.

ಹೊನ್ನಜ್ಜಿ ಬಸಳೆ ಬುಟ್ಟಿ ಬದಿಗಿಟ್ಟರು. "ಅಕ್ಕೋರು ಇಷ್ಟು ಬಿಸಿಲಲ್ಲಿ ಸುಮ್ನೆ ಬರೂದಿಲ್ಲ. ಇವತ್ತೊಂದಿನ ತಂತಿ ಬೇಡ. ನಾನೇ ಗದ್ದೆ ಬದಿ ಕೂತು ತಗಡು ಬಡೀತೆ. ಹಾಡು ಹೇಳ್ತೆ. ನನ್ನ ದನಿ ಕೇಳಿದ್ರೆ ಹಂದಿಯೂ ಬರೂದಿಲ್ಲ."

ಮಾದೇವಿ ಮೊದಲ ಬಾರಿ ನಕ್ಕಳು. ತಿಮ್ಮಪ್ಪ, "ಆತು" ಎಂದರು.

ಬಸ್ಸಿನಲ್ಲಿ ಕೂತು ಯೋಚಿಸುತ್ತ ಬಂದೆ. ಮಣ್ಣಿನಲ್ಲಿ ಕರೆಂಟು ಹೋಗುವುದು ಸುಳ್ಳಲ್ಲ. ಹಾಗಾದರೆ ಬಲ್ಬು ಯಾಕೆ ಹತ್ತಲಿಲ್ಲ? ಮನೆಗೆ ಬಂದವಳೇ ತುಳಸಿ ಗಿಡದ ಪಕ್ಕದ ಹೂಕುಂಡದಲ್ಲಿ ಮೊಳೆ ಚುಚ್ಚಿ ಕೂತೆ. ಕರೆಂಟು ಅಳೆಯುವ ಮೀಟರು ಇಟ್ಟು ನೋಡಿದೆ. ಮುಳ್ಳು ಅಲುಗಿತು! ಕರೆಂಟು ಇದೆ, ತೀರ ಸ್ವಲ್ಪ ಇದೆ. ಟಾರ್ಚ್ ಬಲ್ಬಿನ ತಂತಿ ಕಾದು ಕೆಂಪಗಾಗಬೇಕಾದರೆ ಬಹಳ ಕರೆಂಟು ಬೇಕು. ಅಷ್ಟು ಇಲ್ಲದಿದ್ದರೆ ಕರೆಂಟೇ ಇಲ್ಲ ಎನ್ನುವಂತೆ ಬಲ್ಬು ಕೂರುತ್ತದೆ. ಇಷ್ಟು ವರ್ಷ ನಾನು ಮಕ್ಕಳಿಗೆ, ಬಲ್ಬು ಹತ್ತಿದರೆ ಕರೆಂಟು ಇದೆ, ಹತ್ತದಿದ್ದರೆ ಇಲ್ಲ ಎಂದೇ ಪಟ್ಟಿ ಮಾಡಿಸಿದ್ದೆ. ಉಪ್ಪುನೀರು ವಾಹಕ, ಬಾವಿಯ ನೀರು ವಾಹಕವಲ್ಲ ಎಂದು ಬರೆಸಿದ್ದೆ. ಬಲ್ಬಿಗೆ ಕಾಣದ್ದೆಲ್ಲ ನನಗೂ ಕಂಡಿರಲಿಲ್ಲ.

ಕಡಿಮೆ ಕರೆಂಟಿಗೂ ಕಣ್ಣು ಬಿಡುವಂಥದ್ದು ಬೇಕಿತ್ತು. ದೀಪಾವಳಿಗೆ ಮನೆಯ ಮುಂದೆ ಕಟ್ಟುವ ಹಳೆಯ ಸೀರಿಯಲ್ ಸೆಟ್ ಅಟ್ಟದಲ್ಲಿತ್ತು. ಅದರಿಂದ ಒಂದು ಕೆಂಪು ಎಲ್‌ಇಡಿ ಕತ್ತರಿಸಿ ತೆಗೆದೆ. ಮೈಕಿಗೆ ಹಾಕುವ ಚೌಕದ ಬ್ಯಾಟರಿಗೆ ಜೋಡಿಸಿ, ಹೂಕುಂಡದ ಮಣ್ಣಿನ ಮೂಲಕ ದಾರಿ ಕೊಟ್ಟೆ. ಮಣ್ಣಿನ ಆ ಕಡೆ ಸಣ್ಣಗೆ ಕೆಂಪು ಬೆಳಕು. ನಾನು ಒಬ್ಬಳೇ ಇದ್ದೆ. ಆದರೂ "ಹತ್ತಿತು!" ಎಂದು ಜೋರಾಗಿ ಕೂಗಿದೆ.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಹೊನ್ನಜ್ಜಿಯ ದನಿ ಕೂತುಹೋಗಿತ್ತು. ಹಂದಿ ಬಂದಿರಲಿಲ್ಲ. ಅಂಗಳದ ಮಣ್ಣಿನಲ್ಲಿ ಮೊಳೆ ಚುಚ್ಚಿ ಎಲ್‌ಇಡಿ ಹತ್ತಿಸಿ ತೋರಿಸಿದೆ. ತಿಮ್ಮಪ್ಪ ಮೊಳೆಗಳ ನಡುವೆ ಬೆರಳಿನಿಂದ ಗೀರಿ, ಒಳಗೆ ತಂತಿ ಹುಗಿದಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಮಣ್ಣಲ್ಲಿ ಹೋತದೆ, ಒಪ್ಪಿದೆ" ಎಂದರು. "ಆದ್ರೆ ಅಕ್ಕೋರೆ, ನಿನ್ನೆ ಒಂದು ಬಲ್ಬು ಹತ್ತಿಸೂಕೂ ಆಗದ ಕರೆಂಟು, ಒಂದು ಆಳನ್ನ ಹ್ಯಾಂಗೆ ಕೊಲ್ತದೆ?"

ಪ್ರಶ್ನೆ ಸರಿಯಾದದ್ದೇ. ನಮ್ಮ ಮನೆಯ ಲೈನಿಗೆ ಬ್ಯಾಟರಿಗಿಂತ ಎಷ್ಟೋ ಪಟ್ಟು ನೂಕುವ ಬಲ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಟಾರ್ಚ್ ಬಲ್ಬು ಹತ್ತಿಸಲು ಬೇಕಾದ ಕರೆಂಟಿನಲ್ಲಿ ಹತ್ತನೇ ಒಂದು ಪಾಲು ಎದೆಯ ಮೂಲಕ ಹಾದರೂ ಎದೆಬಡಿತ ನಿಂತುಹೋಗಬಹುದು ಎಂದೆ. ಅವರು ತಲೆ ಆಡಿಸಿದರು. ಅದು ನಂಬಿದ ತಲೆಯಾಟವಲ್ಲ, ಮರ್ಯಾದೆಯ ತಲೆಯಾಟ.

ಆಗ ಕೊಟ್ಟಿಗೆಗೆ ಹೋದೆವು. ಅಲ್ಲಿ ನೆಲ ಒದ್ದೆ, ಬೆಳಕು ಕಡಿಮೆ. ಎರಡು ಚೌಕದ ಬ್ಯಾಟರಿ ಸೇರಿಸಿದೆ. ಒಂದು ಕೊನೆಯನ್ನು ಮೊಳೆಯಿಂದ ನೆಲಕ್ಕೆ ಚುಚ್ಚಿದೆ. ಇನ್ನೊಂದು ಕೊನೆಗೆ ಎಲ್‌ಇಡಿ, ಅದರಿಂದ ಒಂದು ತಂತಿ. ಈ ಬ್ಯಾಟರಿಯಿಂದ ಏನೂ ಅಪಾಯವಿಲ್ಲ, ಮನೆಯ ಲೈನಿನಲ್ಲಿ ಮಾತ್ರ ಇಂಥದ್ದನ್ನು ಯಾರೂ ಯಾವತ್ತೂ ಮಾಡಬಾರದು ಎಂದು ಮಾದೇವಿಯಿಂದ ಎರಡು ಸಲ ಹೇಳಿಸಿದೆ. ನಾನು ಚಪ್ಪಲಿ ಬಿಟ್ಟು, ಮೊಳೆಯ ಹತ್ತಿರ ಒದ್ದೆ ನೆಲದ ಮೇಲೆ ನಿಂತು, ಒದ್ದೆ ಕೈಯಲ್ಲಿ ತಂತಿಯ ತುದಿ ಹಿಡಿದೆ. ಎಲ್‌ಇಡಿ ಮಿಣುಕಾಗಿ ಬೆಳಗಿತು.

ಮಾದೇವಿ ಮುಂದೆ ಬಂದಳು. "ನಾನೂ ನಿಲ್ತೆ ಅಕ್ಕೋರೆ."

"ನೀನು ಬೇಡ!" ಎಂದರು ತಿಮ್ಮಪ್ಪ. ಬಹಳ ಜೋರಾಗಿ ಬಂದ ಮಾತು. ಅಷ್ಟು ಜೋರಾಗಿ ಹೇಳಿದ್ದಕ್ಕೆ ಅವರಿಗೇ ಆಶ್ಚರ್ಯವಾದಂತೆ ಕಂಡಿತು.

"ನಾನು ನಿಲ್ತೆ" ಎಂದರು ಹೊನ್ನಜ್ಜಿ. ಸೀರೆ ಸ್ವಲ್ಪ ಎತ್ತಿ ಕಟ್ಟಿ, ಕೈ ಅದ್ದಿ, ನಾನು ನಿಂತ ಜಾಗದಲ್ಲೇ ನಿಂತು ತಂತಿ ಹಿಡಿದರು. ಕೆಂಪು ಬೆಳಕು ಹತ್ತಿತು. ಅವರು ಅದನ್ನು ನೋಡಿ, ಕೂತುಹೋದ ದನಿಯಲ್ಲೇ ನಕ್ಕರು. "ಎಂತದೂ ಆಗೂದಿಲ್ವಪ್ಪ. ಜುಮ್ಮೂ ಅನ್ನೂದಿಲ್ಲ. ಆದ್ರೂ ದೀಪ ಹತ್ತಿತಲ್ಲೇ!"

ಮಾದೇವಿ, "ಅಜ್ಜಿ, ಕಾಲು ಎತ್ತು" ಎಂದಳು. ಅಜ್ಜಿಗೆ ಎರಡೂ ಕಾಲು ಎತ್ತುವುದು ಹೇಗೆ? ಒಣ ಮಣೆಯೊಂದನ್ನು ತಂದು ಇಟ್ಟಳು. ಅಜ್ಜಿ ಮಣೆ ಹತ್ತಿದರು. ಬೆಳಕು ಆರಿತು. ಇಳಿದರು, ಹತ್ತಿತು.

ತಿಮ್ಮಪ್ಪ ಹತ್ತಿರ ಬಂದು ಕೂತರು. "ಅವ್ವ, ಇನ್ನೊಂದ್ಸಲ ಹತ್ತು" ಎಂದರು. ಇನ್ನೊಮ್ಮೆ. ಮತ್ತೊಮ್ಮೆ. ಅವರು ತಾಯಿಯ ಪಾದ ನೋಡುತ್ತಿದ್ದರು, ಆಮೇಲೆ ಬೆಳಕು, ಆಮೇಲೆ ಮತ್ತೆ ಪಾದ.

"ಇದು ಎರಡು ಸಣ್ಣ ಬ್ಯಾಟ್ರಿ ಅಪ್ಪ" ಎಂದಳು ಮಾದೇವಿ ಮೆಲ್ಲಗೆ.

ಅವರು ಎದ್ದು ಹೊರಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡು ನಾನು ಹಿಂದೆಯೇ ಹೋದೆ. ಅವರು ಮನೆಯ ಗೋಡೆಯಿಂದ ಗದ್ದೆಗೆ ಹೋಗುವ ತಂತಿಯನ್ನು ಕಳಚಿ, ಸುತ್ತುತ್ತ ಸುತ್ತುತ್ತ ಗದ್ದೆಯ ಬದಿಯಲ್ಲಿ ನಡೆಯುತ್ತಿದ್ದರು. ಅರ್ಧ ಸುತ್ತಿದ ಮೇಲೆ ನಿಂತು ನನ್ನನ್ನು ನೋಡಿದರು. "ದಿನಾ ಬೆಳಗಿನ ಜಾವ ಬರಿಗಾಲಲ್ಲಿ ನಾ ಇಲ್ಲೇ ನಡೀತಿದ್ದೆ ಅಕ್ಕೋರೆ. ಇಬ್ಬನಿ ಇರ್ತಿತ್ತು" ಎಂದರು. ತಂತಿಯ ಸುರುಳಿಯನ್ನು ಮಗಳ ಕೈಗೆ ಕೊಟ್ಟರು. ಉಳಿದರ್ಧವನ್ನು ಮಾದೇವಿ ಸುತ್ತಿದಳು.

ಸೋಮವಾರ ನಾಯ್ಕ ಸರ್ ಹೇಳಿದಂತೆಯೇ ಬಂದು ನೋಡಿದರು. ಬರೀ ಗೂಟಗಳಿದ್ದವು. ಅವರು ಅಲ್ಲಿಗೆ ಬಿಡಲಿಲ್ಲ. ತಲೆ ತಗ್ಗಿಸಿದ್ದ ಆ ಇಬ್ಬರು ಹುಡುಗರ ವಿಷಯ ನಾನು ಹೇಳಿದ್ದೆ. ಪಾಲಕರ ಸಭೆ ಕರೆದರು. ಯಾರ ಹೆಸರೂ ಎತ್ತಲಿಲ್ಲ, ಬೈಯಲಿಲ್ಲ. ನನ್ನ ಚೌಕದ ಬ್ಯಾಟರಿ, ಎಲ್‌ಇಡಿ ಮೇಜಿನ ಮೇಲಿಟ್ಟು, ಶಾಲೆಯ ಹಿಂದಿನ ಒದ್ದೆ ನೆಲದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿದರು. ತೋರಿಸಿದವರು ತಿಮ್ಮಪ್ಪ. ನನಗಿಂತ ಚೆನ್ನಾಗಿ ತೋರಿಸಿದರು. 'ಮೊದಲು ಏನಾಗ್ತದೆ ಅಂತ ಹೇಳಿ, ಆಮೇಲೆ ನೋಡಿ' ಎನ್ನುವುದು ಅವರಿಗೆ ಹೇಗೋ ತಿಳಿದಿತ್ತು.

ಆ ವರ್ಷ ಹಂದಿಗಳು ಗೆಣಸು ತಿಂದವು. ಅದನ್ನು ಮುಚ್ಚಿಡುವುದಿಲ್ಲ. ತಿಮ್ಮಪ್ಪ, ಪಕ್ಕದ ಗದ್ದೆಯವರು ಸರದಿಯ ಮೇಲೆ ಕಾವಲು ಕೂತರು, ಹೊನ್ನಜ್ಜಿ ಹಾಡು ಹೇಳಿದರು, ಆದರೂ ತಿಂದವು. ಒಂದೆರಡು ವರ್ಷದ ಮೇಲೆ ಅಕ್ಕಪಕ್ಕದ ಮನೆಯವರು ಸೇರಿ ಸೋಲಾರ್ ಬೇಲಿ ಹಾಕಿಸಿದರು. ಅದು ತಟಕ್ಕನೆ ಒಂದು ಕ್ಷಣ ಹೊಡೆದು ಬಿಡುವಂಥದ್ದು. "ಅದೂ ಹೊಡೀತದೆ, ಆದ್ರೆ ಯಾಕೆ ಕೊಲ್ಲೂದಿಲ್ಲ ಅಕ್ಕೋರೆ?" ಎಂದು ಮಾದೇವಿ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಸಿಕ್ಕಿ ಕೇಳಿದಳು. ಹೊನ್ನಾವರ ಬರುವವರೆಗೂ ನಾವು ಅದನ್ನೇ ಮಾತಾಡಿದೆವು. ಈ ಕತೆ ಕೇಳಿದವರೆಲ್ಲ ಅವಳು ಮುಂದೆ ಎಲೆಕ್ಟ್ರಿಕಲ್ ಓದಿರಬೇಕು ಎಂದುಕೊಳ್ಳುತ್ತಾರೆ. ಇಲ್ಲ. ಕಾಮರ್ಸ್ ಓದಿ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾಳೆ.

ಆ ವಾಕ್ಯವನ್ನು ನಾನು ಮತ್ತೆ ಯಾವ ತರಗತಿಯಲ್ಲೂ ಹೇಳಿಸಲಿಲ್ಲ. ಯಾವ ವಾಕ್ಯವನ್ನೂ ಒಟ್ಟಿಗೆ ರಾಗವಾಗಿ ಹೇಳಿಸಲಿಲ್ಲ.

ಕೊನೆಯ ವರ್ಷಗಳು ಕುಮಟಾದಲ್ಲಿ, ಬಾಡ ಎಂಬ ಊರಿನ ಹತ್ತಿರದ ಶಾಲೆಯಲ್ಲಿ ಕಳೆದವು. ಅಷ್ಟೊತ್ತಿಗೆ ಕಲಿಸುವ ರೀತಿಯೇ ಬದಲಾಗಿತ್ತು. ತರಗತಿಯಲ್ಲಿ ದೊಡ್ಡ ಪರದೆ ಬಂತು. ಬೆರಳಲ್ಲಿ ಎಳೆದರೆ ತಂತಿ, ಒತ್ತಿದರೆ ಬಲ್ಬು. ಅದು ಒಂದು ದಿನವೂ ಕೈಕೊಡುವುದಿಲ್ಲ. ತುಕ್ಕು ಹಿಡಿದ ಸೆಲ್ಲು, ಸಡಿಲ ಗಂಟು, ಬೆವರಿದ ಕೈ, ಇವು ಯಾವುವೂ ಅಲ್ಲಿಲ್ಲ. ಇತ್ತ ಅಂಗಡಿಗಳಲ್ಲಿ ಟಾರ್ಚ್ ಬಲ್ಬು ಕೇಳಿದರೆ, "ಈಗ ಅದೆಲ್ಲ ಎಲ್ಲಿ ಬರ್ತದೆ ಅಕ್ಕೋರೆ" ಎನ್ನುತ್ತಿದ್ದರು. ನಾನು ಪರದೆಯನ್ನು ದೂರುವುದಿಲ್ಲ. ತಂತಿಯೊಳಗೆ ಚುಕ್ಕೆಗಳು ಹರಿಯುವುದನ್ನು ಅದು ತೋರಿಸಿತು. ನಾನು ಎಷ್ಟು ಬೋರ್ಡು ಒರೆಸಿದರೂ ಅದನ್ನು ತೋರಿಸಲು ಆಗಿರಲಿಲ್ಲ.

ಆ ಚುಕ್ಕೆಗಳನ್ನು ನೋಡಿಯೇ ಒಬ್ಬಳಿಗೆ ಅನುಮಾನ ಬಂದದ್ದು. ಅವಳ ಹೆಸರು ಶ್ರೇಯಾ. ಅಪ್ಪ ಮೀನಿಗೆ ಹೋಗುವವರು. ನನ್ನ ಕೊನೆಯ ತಿಂಗಳ ಒಂದು ಪಿರಿಯಡ್ಡು. ಪರದೆಯ ಮೇಲೆ ಉದ್ದ ತಂತಿಯೊಂದರ ತುದಿಯನ್ನು ಕತ್ತರಿಸಿ, ನೋಡಿ, ದಾರಿ ತುಂಡಾಗಿದೆ, ಚುಕ್ಕೆಗಳು ನಿಂತಿವೆ ಎಂದೆ.

"ಅಕ್ಕೋರೆ, ಮುಂದೆ ದಾರಿ ತುಂಡಾಗಿದೆ ಅಂತ ಇಲ್ಲಿದ್ದ ಕರೆಂಟಿಗೆ ಹ್ಯಾಂಗೆ ಗೊತ್ತಾಗ್ತದೆ?"

ತಂತಿಯ ತುಂಬ ಮೊದಲೇ ಕಣಗಳಿರುತ್ತವೆ, ಮುಂದಿನದು ಚಲಿಸದಿದ್ದರೆ ಹಿಂದಿನದಕ್ಕೂ ಜಾಗವಿಲ್ಲ ಎಂದು ಹೇಳಿದೆ. ಅವಳು ಒಪ್ಪಲಿಲ್ಲ.

"ಅದು ಆಮೇಲೆ. ಸ್ವಿಚ್ಚು ಹಾಕಿದ ಆ ಮೊದಲ ಕ್ಷಣ? ಸ್ವಿಚ್ಚಿನ ಹತ್ರ ಇದ್ದ ಕರೆಂಟಿಗೆ ಅಷ್ಟು ದೂರದ್ದು ಗೊತ್ತಿರ್ತದಾ?"

ಗಂಟೆ ಹೊಡೆಯಿತು. ನನಗೆ ಗೊತ್ತಿಲ್ಲ ಎಂದೆ. ಆ ಮಾತು ಹೇಳಲು ಆಗ ಒಂದಿಷ್ಟೂ ಕಷ್ಟವಾಗಲಿಲ್ಲ. ನಿವೃತ್ತಿಯ ದಿನ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಳ್ಳೆಯ ಮಾತು ಆಡಿದರು. ನನ್ನ ತಲೆಯಲ್ಲಿ ಇದ್ದದ್ದು ಆ ಮೊದಲ ಕ್ಷಣ.

ನನ್ನ ಜೊತೆ ಬಿ.ಎಸ್ಸಿ. ಓದಿದ ಗೆಳತಿಯೊಬ್ಬಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳಿಗೆ ಫೋನು ಮಾಡಿದೆ. ಒಂದು ಫೋನಿಗೆ ಮುಗಿಯಲಿಲ್ಲ. ಅವಳು ಹೇಳಿದ್ದನ್ನು ನಾನು ಓದಿ, ಮತ್ತೆ ಕೇಳಿ, ಮತ್ತೆ ಓದಿ, ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ ನಿಂತಾಗ ಥಟ್ಟನೆ ಹೊಳೆಯಿತು. ಮರುದಿನವೇ ಬಾಡದ ಬಸ್ಸು ಹತ್ತಿದೆ. ಊಟದ ಬಿಡುವಿನಲ್ಲಿ ಶ್ರೇಯಾ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಳು.

"ಗೊತ್ತಿರೂದಿಲ್ಲ ಶ್ರೇಯಾ" ಎಂದೆ, ಕೂರುವ ಮೊದಲೇ. "ಕರೆಂಟಿಗೆ ಗೊತ್ತಿರೂದಿಲ್ಲ. ಅದು ಹೊರಡ್ತದೆ. ತುದಿಯವರೆಗೆ ಒಂದು ನೂಕು ಹೋಗ್ತದೆ, ದಾರಿ ಇಲ್ಲ ಅಂತ ಅಲ್ಲಿ ಹೋದ ಮೇಲೇ ತಿಳೀತದೆ, ತಿರುಗಿ ಬರ್ತದೆ. ಆಮೇಲೇ ಎಲ್ಲ ನಿಲ್ಲೂದು. ನಮಗೆ ಕಾಣೂದಿಲ್ಲ, ಅಷ್ಟು ಬೇಗ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಅಂದ್ರೆ ತುಂಡು ತಂತಿಯಲ್ಲೂ ಸ್ವಲ್ಪ ಹೊತ್ತು ಕರೆಂಟು ಹರಿದಿರ್ತದೆ!"

"ಹೌದು."

"ತಿರುಗಿ ಬರೂಕೆ ಎಷ್ಟು ಹೊತ್ತು ಬೇಕು ಅಂತ ಅಳೆದ್ರೆ, ತಂತಿ ಎಲ್ಲಿ ತುಂಡಾಗಿದೆ ಅಂತ ಇಲ್ಲೇ ಕೂತು ಹೇಳೂಕೆ ಆಗ್ತದಾ ಅಕ್ಕೋರೆ?"

ಬಿಡುವು ಮುಗಿದ ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ನಾನು ಚೀಲದಿಂದ ಪೆನ್ನು ತೆಗೆದು, ಬಸ್ ಟಿಕೇಟಿನ ಹಿಂದೆ ತಂತಿಯ ಹಾಗೆ ಒಂದು ಉದ್ದ ಗೆರೆ ಎಳೆದು ಅವಳ ಕೈಗೆ ಕೊಟ್ಟೆ.

"ಎಲ್ಲಿ ತುಂಡಾಗಿದೆ, ಗುರುತು ಹಾಕು. ಅಲ್ಲಿಗೆ ಹೋಗಿ ಬರೂಕೆ ಎಷ್ಟು ಹೊತ್ತು, ನೋಡೋಣ" ಎಂದೆ.